ಬೆಕ್ಕಿನ ಆಪರೇಷನ್ ಆದ ಮೇಲೆ ಊರಿನ ರೀತಿ ಸಾಲದು

ಊರಲ್ಲಿ ಬೆಕ್ಕು ಸಾಕುವುದು ಅಂದರೆ ಅದನ್ನು ಅದರ ಪಾಡಿಗೆ ಬಿಡುವುದು. ಕಾರವಾರದ ಕಡೆ ಮೀನು ಕೊಯ್ಯುವಾಗ ತಲೆ, ಬಾಲ ಅದಕ್ಕೆ, ಉಳಿದ ಹೊತ್ತು ಎಲ್ಲಿರುತ್ತದೆ ಅಂತ ಯಾರೂ ಕೇಳುವುದಿಲ್ಲ. ನನಗೆ ಆ ರೀತಿಯೇ ಇಷ್ಟ. ನಾನಿರುವ ಪುಣೆಯಲ್ಲಿ ಹುಟ್ಟಿದಾಗಿನಿಂದ ಮಣ್ಣೇ ಮೆಟ್ಟದ ಫ್ಲಾಟಿನ ಬೆಕ್ಕುಗಳಿವೆ, ನೋಡಿದರೆ ಪಾಪ ಅನಿಸುತ್ತದೆ. ಆದರೆ ಹೆಣ್ಣು ಬೆಕ್ಕಿಗೆ ಮರಿಯಾಗದ ಆಪರೇಷನ್ ಮಾಡಿಸಿದ ಮೇಲಿನ 10ರಿಂದ 14 ದಿನ ಮಾತ್ರ ನಾನು ಪುಣೆಯವರ ಪರ.

ಊರಲ್ಲೂ ಪರಿಚಯದವರು ಕೆಲವರು ಈಗ ಆಪರೇಷನ್ ಮಾಡಿಸುತ್ತಿದ್ದಾರೆ. ತುಂಬಾ ಖುಷಿ. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು, ಗಬ್ಬವಾದರೆ ಸುಮಾರು ಎರಡು ತಿಂಗಳಿಗೆ ಮರಿ ಹಾಕುತ್ತದೆ, ಆ ಮರಿಗಳನ್ನು ಚೀಲದಲ್ಲಿ ತುಂಬಿ ಮೀನು ಪೇಟೆ ಹತ್ತಿರ ಬಿಟ್ಟು ಬರುವುದಕ್ಕಿಂತ ಇದು ಸಾವಿರ ಪಾಲು ವಾಸಿ. ಆದರೆ ಮನೆಗೆ ತಂದ ಮೇಲೆ? "ನೆಕ್ಕಿಕೊಂಡೇ ವಾಸಿ ಮಾಡಿಕೊಳ್ತದೆ, ಬಿಡು" ಅಂತಾರೆ. ಇದು ತರಚು ಗಾಯ ಅಲ್ಲ, ಹೊಟ್ಟೆ ಕೊಯ್ದು ಅಂಡಾಶಯ, ಗರ್ಭಕೋಶ ತೆಗೆದ ಗಾಯ. ಮೇಲೆ ಕಾಣುವುದು ಕೂದಲು ಬೋಳಿಸಿದ ಜಾಗದಲ್ಲಿ ಒಂದು ಸಣ್ಣ ಗೆರೆ ಅಷ್ಟೇ, ಒಳಗೂ ಹೊಲಿಗೆ ಇದೆ. ಬೆಕ್ಕಿನ ನಾಲಿಗೆ ಅರದ ಹಾಗೆ ಒರಟು. ಹೊಲಿಗೆ ಬಿಚ್ಚಲು ಒಂದು ರಾತ್ರಿ ಸಾಕು.

ಕೂಡಿ ಹಾಕುವುದು ಕಷ್ಟ ಅಂತ ಗೊತ್ತು. ಶಿರಸಿ ಕಡೆಯ ಹೆಂಚಿನ ಮನೆ, ಅಟ್ಟ, ಕೊಟ್ಟಿಗೆ, ಆಚೆ ಅಡಿಕೆ ತೋಟ. ಎರಡು ಮೂರು ದಿನಕ್ಕೆ ನೋವು ಇಳಿದು ಬೆಕ್ಕು ಅಟ್ಟ ಹತ್ತಲು ಹೊರಡುತ್ತದೆ, ನಾವು ಹುಷಾರಾಯ್ತು ಅಂದುಕೊಳ್ಳುತ್ತೇವೆ. ಹುಷಾರಾಗಿರುವುದಿಲ್ಲ. ಒಂದು ಸಣ್ಣ ಕೋಣೆ ಖಾಲಿ ಮಾಡಿ ಬಾಗಿಲು ಹಾಕಿ, ಒಣ ಕಂಬಳಿ ಹಾಸಿ. ಮಳೆಗಾಲದಲ್ಲಂತೂ ಬಚ್ಚಲ ಒಲೆಯ ಬೆಚ್ಚಗಿನ ಬೂದಿಯಲ್ಲಿ ಹೊರಳುವುದು ನಮ್ಮ ಬೆಕ್ಕುಗಳ ಚಟ, ಹಸಿ ಗಾಯಕ್ಕೆ ಆ ಬೂದಿ ಮೆತ್ತಿದರೆ ಕೀವು ಆಗಬಹುದು. ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚಬೇಡಿ, ಇನ್ನೂ ಜಾಸ್ತಿ ನೆಕ್ಕುತ್ತದೆ. ನೋವಿಗೆ ಅಂತ ನಮ್ಮ ಪ್ಯಾರಾಸಿಟಮಾಲ್ ಕಾಲು ಮಾತ್ರೆ ಕೊಟ್ಟರೂ ಬೆಕ್ಕು ಸಾಯಬಹುದು, ಇದನ್ನು ಮನೆಯವರಿಗೆಲ್ಲ ಹೇಳಿಡಿ.

ಒಂದು ವಿಷಯದಲ್ಲಿ ಊರೇ ಮೇಲು. ಪುಣೆಯಲ್ಲಿ ಗಾಯ ನೆಕ್ಕದ ಹಾಗೆ ಕುತ್ತಿಗೆ ಸುತ್ತ ಲಾಳಿಕೆಯಂಥ ಪ್ಲಾಸ್ಟಿಕ್ ಪಟ್ಟಿ ಕಟ್ಟುತ್ತಾರೆ. ಎಷ್ಟೋ ಬೆಕ್ಕುಗಳು ಅದರಿಂದ ತಪ್ಪಿಸಿಕೊಳ್ಳಲು ಹಿಂದಕ್ಕೇ ನಡೆಯುತ್ತವೆ, ಬಟ್ಟಲಿಗೆ ಬಾಯಿ ಹಾಕಲೂ ಆಗುವುದಿಲ್ಲ. ಶಿರಸಿಯ ನಮ್ಮ ಚಿಕ್ಕಮ್ಮ ಹಳೇ ಹತ್ತಿ ಅಂಗಿಯ ತೋಳು ಕತ್ತರಿಸಿ, ಕಾಲಿಗೆ ನಾಲ್ಕು ತೂತು ಮಾಡಿ, ಹಿಂದೆ ಉಚ್ಚೆ ತಾಗದಷ್ಟು ಬಿಟ್ಟು ತೊಡಿಸಿದ್ದರು. ಗಾಯ ಪೂರ್ತಿ ಮುಚ್ಚಿತ್ತು, ಬೆಕ್ಕು ಆರಾಮಾಗಿ ತಿಂದು ಮಲಗಿತ್ತು. ಒದ್ದೆಯಾದರೆ ಬದಲಿಸಲು ಎರಡು ಮೂರು ಮಾಡಿಟ್ಟುಕೊಳ್ಳಿ.

ಊಟ: ದೊಡ್ಡ ಬೆಕ್ಕುಗಳಿಗೆ ಎಷ್ಟೋ ಸಲ ಹಾಲು ಜೀರ್ಣವಾಗದೆ ಭೇದಿಯಾಗುತ್ತದೆ, ಹಾಲನ್ನ ಈಗ ಬೇಡ. ಬಂಗಡೆ ಬೇಯಿಸಿ, ಮುಳ್ಳು ತೆಗೆದು, ಉಪ್ಪು ಖಾರ ಇಲ್ಲದೆ ಕೊಡಿ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿಗೆ ವಿಷ, ಹಾಗಾಗಿ ಸಾರಿನ ಮೀನು ಬೇಡವೇ ಬೇಡ. ಮೀನು ಮಾಡದ ಮನೆಯವರು ಬೆಕ್ಕಿನ ಆಹಾರದ ಪೊಟ್ಟಣ ತನ್ನಿ.

ಬೆಳಿಗ್ಗೆ ಸಂಜೆ ಗಾಯ ನೋಡಿ. ಕೀವು, ರಕ್ತ, ವಾಸನೆ, ಹೊಲಿಗೆ ಬಿಟ್ಟದ್ದು ಕಂಡರೆ ಅಥವಾ ಮಾರನೇ ದಿನವೂ ಏನೂ ತಿನ್ನದಿದ್ದರೆ ಡಾಕ್ಟರಿಗೆ ಆಗಲೇ ಫೋನ್ ಮಾಡಿ. ದವಾಖಾನೆ ದೂರ ಇದ್ದರೆ ಮೊದಲ ದಿನವೇ ಗಾಯದ ಫೋಟೋ ತೆಗೆದಿಟ್ಟುಕೊಳ್ಳಿ, ಆಮೇಲೆ ತೆಗೆದ ಫೋಟೋ ಜೊತೆ ಅದನ್ನೂ ಕಳಿಸಿದರೆ ಏನು ಬದಲಾಗಿದೆ ಅಂತ ಅವರಿಗೆ ಬೇಗ ತಿಳಿಯುತ್ತದೆ.