ಮೈಕ್‌ಗಿಂತ ಮೊದಲು ಕೌದಿ

ಲೇಖನ ಇಷ್ಟವಾಯಿತು. ಆದರೆ ಮನೆಯಲ್ಲಿ ಹಾಡು ರೆಕಾರ್ಡ್ ಮಾಡುವವರು ಮೊದಲು ಒಳ್ಳೆಯ ಕಂಡೆನ್ಸರ್ ಮೈಕ್ ಕೊಳ್ಳಬೇಕು ಎಂದಿದ್ದೀರಲ್ಲ, ಅದನ್ನು ಒಪ್ಪುವುದಿಲ್ಲ. ನಾನೂ ಹಾಗೇ ಮಾಡಿ ದುಡ್ಡು ಕಳೆದುಕೊಂಡೆ. ನಮ್ಮದು ಹುಬ್ಬಳ್ಳಿಯಲ್ಲಿ ರಸ್ತೆ ಪಕ್ಕದ ಮನೆ. ಆ ಮೈಕ್ ಸಣ್ಣ ಸದ್ದನ್ನೂ ಬಿಡುವುದಿಲ್ಲ. ಕುಕ್ಕರ್ ಸೀಟಿ, ಆಟೋ ಹಾರ್ನ್, ಫ್ಯಾನಿನ ಗಾಳಿ ಎಲ್ಲವೂ ಬಂದವು. ಒಂದು ವಚನದ ನಡುವೆ ತರಕಾರಿ ಗಾಡಿಯವರ "ಮೆಂತೆ, ಪಾಲಕ್" ಕೂಗು. ಅದೂ ನನಗಿಂತ ಶ್ರುತಿಯಲ್ಲಿ!

ಈಗ ಸಾದಾ ಡೈನಮಿಕ್ ಮೈಕ್. ಅದಕ್ಕೆ 48 ವೋಲ್ಟ್ ಫ್ಯಾಂಟಮ್ ಪವರ್ (ಕೇಬಲ್ ಮೂಲಕವೇ ಮೈಕ್‌ಗೆ ಕೊಡುವ ವಿದ್ಯುತ್) ಬೇಡ. ಬಾಯಿಗೆ ನಾಲ್ಕು ಬೆರಳು ದೂರ ಇಟ್ಟು ಹಾಡಿದರೆ ದೂರದ ಗದ್ದಲ ಎಷ್ಟೋ ಕಡಿಮೆ. ನನ್ನ ಹಿಂದೆ ಹಗ್ಗ ಕಟ್ಟಿ ಅಜ್ಜಿ ಹೊಲಿದ ಎರಡು ಕೌದಿ ಇಳಿಬಿಡುತ್ತೇನೆ. ಬರಿಗೋಡೆಯ ಮಾರ್ದನಿ ಅಲ್ಲೇ ಸಾಯುತ್ತದೆ. ಗೋಡೆಗೆ ಮೊಟ್ಟೆ ಟ್ರೇ ಅಂಟಿಸುವವರಿಗೆ ಒಂದು ಮಾತು: ಸುಮ್ನೆ ಧೂಳು ಕೂರುತ್ತದೆ ಅಷ್ಟೇ. ಹೊರಗಿನ ಸದ್ದನ್ನು ಅದು ತಡೆಯುವುದಿಲ್ಲ, ತಬಲಾದ ಡಗ್ಗಾದಂಥ ಕೆಳದನಿಯನ್ನು ಹೀರುವುದೂ ಇಲ್ಲ.

ಸಾಫ್ಟ್‌ವೇರ್ ಬಗ್ಗೆ ನೀವು ಹೇಳಿದ್ದು ಸರಿ. ಹಾಡು ರೆಕಾರ್ಡ್ ಮಾಡಿ ತಿದ್ದುವ ಆಡಾಸಿಟಿ ಪುಕ್ಕಟೆ ಸಿಗುತ್ತದೆ, ನನ್ನಂಥವರಿಗೆ ಧಾರಾಳ ಸಾಕು.

ಸದ್ಯದ ತಕರಾರು ಬೇರೆ. ಕೌದಿ ಕಟ್ಟಿ ಫ್ಯಾನ್ ಆರಿಸಿದರೆ ಏಪ್ರಿಲ್‌ನಲ್ಲಿ ಒಂದು ಪಲ್ಲವಿ ಮುಗಿಯುವುದರೊಳಗೆ ಅಂಗಿ ಒದ್ದೆ. ಅದಕ್ಕೇ ರಾತ್ರಿ 11ರ ಮೇಲೆ ಕೂರುತ್ತೇನೆ. ಆಗ ಬೀದಿನಾಯಿಗಳ ಪಾಳಿ ಶುರು. ಇದಕ್ಕೆ ಯಾರಾದರೂ ಉಪಾಯ ಕಂಡುಕೊಂಡಿದ್ದರೆ ಇಲ್ಲೇ ಬರೆಯಿರಿ.