ಬ್ಲಾಕ್ ಮಾಡಿದ್ದಾಯ್ತು, ಕಲಿಸೋದು ಯಾವಾಗ?

ಶಾಲೆಯ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಟೀಚರ್ ನಾನು. ಲ್ಯಾಬಿನಲ್ಲಿ ಫಿಲ್ಟರ್ ಇದೆ. ಬೇಡದ ಸೈಟು ತೆರೆಯಲು ಹೋದರೆ ಒಂದು ಕೆಂಪು ಪುಟ ಬರುತ್ತದೆ: 'ಅನುಮತಿ ಇಲ್ಲ'. ಪೋಷಕರ ಸಭೆಯಲ್ಲಿ ಈ ಪುಟ ತೋರಿಸಿದರೆ ಸಾಕು, ಎಲ್ಲರಿಗೂ ನೆಮ್ಮದಿ. ನನಗೆ ಮಾತ್ರ ಆ ನೆಮ್ಮದಿ ಕಂಡರೇ ಭಯ.

ಯಾಕೆ ಅಂದ್ರೆ ಆ ಫಿಲ್ಟರಿನ ಯೋಗ್ಯತೆ ದಿನಾ ನೋಡುವವಳು ನಾನು. ವಿಜ್ಞಾನದ ಪ್ರಾಜೆಕ್ಟಿಗೆ ಕಪ್ಪೆಯ ಸಂತಾನೋತ್ಪತ್ತಿ ಬಗ್ಗೆ ಹುಡುಕುತ್ತಿದ್ದ ಎಂಟನೇ ಕ್ಲಾಸಿನ ಹುಡುಗಿಗೆ ಮೊನ್ನೆ ಕೆಂಪು ಪುಟ ಬಂತು. ಏನೋ ತಪ್ಪು ಮಾಡಿಬಿಟ್ಟೆ ಅಂದುಕೊಂಡು, ಪಾಪ, ಮಾನಿಟರ್ ಆಫ್ ಮಾಡಿ ಕೂತಿದ್ದಳು. ಅದೇ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಇಬ್ಬರು ಹುಡುಗರು ಒಂದು ವಿಡಿಯೋ ಕೆಳಗೆ ಅಚ್ಚಗನ್ನಡದಲ್ಲಿ ಬೈದಾಡುತ್ತಿದ್ದರು. ಅದಕ್ಕೆ ಯಾವ ಅಡ್ಡಿಯೂ ಇಲ್ಲ. ಫಿಲ್ಟರಿನ ಪದಪಟ್ಟಿ ಪೂರ್ತಿ ಇಂಗ್ಲಿಷಿನದು. ನಮ್ಮ ಬೈಗುಳ ಅದಕ್ಕೆ ಹೇಗೆ ಗೊತ್ತಾಗಬೇಕು?

ಇದೇನು ಹೊಸ ಕಾಯಿಲೆ ಅಲ್ಲ. 1996ರಲ್ಲಿ ಇಂಗ್ಲೆಂಡಿನ ಸ್ಕಂತಾರ್ಪ್ ಅನ್ನೋ ಊರಿನ ಜನರಿಗೆ ಎಒಎಲ್ ಅನ್ನೋ ಇಂಟರ್ನೆಟ್ ಕಂಪನಿಯಲ್ಲಿ ಖಾತೆ ತೆರೆಯೋಕೇ ಆಗಲಿಲ್ಲ. ಊರಿನ ಹೆಸರಿನ ಮಧ್ಯೆ ಒಂದು ಕೆಟ್ಟ ಪದದ ಅಕ್ಷರಗಳು ಸಾಲಾಗಿ ಕೂತಿದ್ದವು, ಅಷ್ಟೇ.

ಈಗಂತೂ ಹೆಚ್ಚಿನ ಸೈಟುಗಳ ಒಳಗಿನ ಮಾತು ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಮಧ್ಯದವರು ಓದಲಾಗದ ಗುಪ್ತಲಿಪಿಯಲ್ಲಿರುತ್ತದೆ. ಸಾದಾ ಫಿಲ್ಟರಿಗೆ ಕಾಣೋದು ಸೈಟಿನ ಹೆಸರು ಮಾತ್ರ. ಒಳಗೆ ಯಾರು ಯಾರಿಗೆ ಏನು ಬರೆದರು ಅನ್ನೋದು ಕಾಣಲ್ಲ. ಹೋಗುವ ಜಾಗವನ್ನೇ ಮರೆಮಾಡುವ ವಿಪಿಎನ್ ಆ್ಯಪ್ ಹಾಕಿಕೊಂಡರೆ ಹೆಸರೂ ಕಾಣಲ್ಲ. ಯಾರದೋ ಫೋನಿನ ಹಾಟ್‌ಸ್ಪಾಟ್ ಸಿಕ್ಕಿತೋ, ಫಿಲ್ಟರಿಗೂ ನಮಸ್ಕಾರ, ನನಗೂ ನಮಸ್ಕಾರ.

ಹಾಗಂತ ಫಿಲ್ಟರ್ ಕಿತ್ತು ಬಿಸಾಕಿ ಅಂತ ಹೇಳ್ತಿಲ್ಲ. ಚಿಕ್ಕ ಮಕ್ಕಳಿಗೆ ಬೇಕೇ ಬೇಕು. ಆದರೆ ಅದನ್ನು ಹಾಕಿದ ದಿನವೇ ದೊಡ್ಡವರು ಕೈ ತೊಳೆದುಕೊಂಡುಬಿಡುತ್ತೇವೆ ನೋಡಿ, ನನ್ನ ತಕರಾರು ಅದಕ್ಕೆ. ಅಮೆರಿಕದಲ್ಲಿ ಇಂಟರ್ನೆಟ್ಟಿಗೆ ಸರ್ಕಾರದ ರಿಯಾಯಿತಿ ಪಡೆಯುವ ಶಾಲೆಗಳು ಫಿಲ್ಟರ್ ಹಾಕಲೇಬೇಕು ಅಂತ ಕಾನೂನು ಬಂದಿದ್ದು 2000ದಲ್ಲಿ. ಆನ್‌ಲೈನಿನಲ್ಲಿ ಹೇಗಿರಬೇಕು ಅಂತ ಮಕ್ಕಳಿಗೆ ಕಲಿಸಲೂಬೇಕು ಅನ್ನೋ ಮಾತು ಸೇರಿದ್ದು 2008ರಲ್ಲಿ. ಎಂಟು ವರ್ಷ! ಇಂಗ್ಲೆಂಡಿನ ಶಾಲಾ ತಪಾಸಣಾ ಸಂಸ್ಥೆ ಆಫ್‌ಸ್ಟೆಡ್ 35 ಶಾಲೆಗಳನ್ನು ನೋಡಿ 2010ರಲ್ಲಿ ಒಂದು ವರದಿ ಕೊಟ್ಟಿತು. ಎಲ್ಲಕ್ಕೂ ಬೀಗ ಜಡಿದ ಶಾಲೆಗಳಿಗಿಂತ, ಸ್ವಲ್ಪ ಸಡಿಲ ಬಿಟ್ಟು ಮಕ್ಕಳಿಗೇ ಜವಾಬ್ದಾರಿ ಕಲಿಸಿದ ಶಾಲೆಗಳು ಆನ್‌ಲೈನ್ ಸುರಕ್ಷತೆಯ ವಿಷಯದಲ್ಲಿ ಮುಂದಿದ್ದವು.

ಅದೆಲ್ಲ ವರದಿಯ ಮಾತಾಯಿತು. ನನ್ನ ನಿದ್ದೆ ಕೆಡಿಸಿದ್ದು ಒಬ್ಬ ಹುಡುಗ.

ಕ್ಲಾಸ್ ಮುಗಿದು ಎಲ್ಲರೂ ಹೋದರೂ ಅವನು ಮೌಸಿನ ವೈರು ಸುತ್ತುತ್ತಾ, ಬಿಚ್ಚುತ್ತಾ ನಿಂತೇ ಇದ್ದ. "ಮೇಡಂ, ಒಬ್ಬರ ಫೋಟೋ ಇನ್ನೊಬ್ಬರ ಹತ್ತಿರ ಇದ್ರೆ ಅಳಿಸೋಕೆ ಆಗುತ್ತಾ?" ಅಂದ. ಯಾರದ್ದು ಅಂತ ನಾನು ಕೇಳಲಿಲ್ಲ. ಕೂತ್ಕೋ ಅಂದೆ. ಆಮೇಲೆ ಒಂದೊಂದೇ ಹೊರಗೆ ಬಂತು. ಗೇಮಿನಲ್ಲಿ ಪರಿಚಯ. ಎರಡೇ ದಿನಕ್ಕೆ ಬೇರೆ ಆ್ಯಪಿಗೆ ಬಾ ಅಂದಿದ್ದಾರೆ. ಯಾರಿಗೂ ಹೇಳಬೇಡ ಅಂದಿದ್ದಾರೆ. ಫೋಟೋ ಕೇಳಿದ್ದಾರೆ. ಕಳಿಸಿದ ಮೇಲೆ ದುಡ್ಡು ಕೇಳಿದ್ದಾರೆ. ಮೂರು ವಾರ ಒಬ್ಬನೇ ನುಂಗಿಕೊಂಡಿದ್ದ.

"ಮನೆಯಲ್ಲಿ ಯಾಕೋ ಹೇಳಲಿಲ್ಲ?"

"ಫೋನ್ ಕಿತ್ಕೊಳ್ತಾರೆ ಮೇಡಂ."

ಇದಕ್ಕೆ ಯಾವ ಫಿಲ್ಟರ್ ಇದೆ ಹೇಳಿ? ನಡೆದಿದ್ದೆಲ್ಲ ಬ್ಲಾಕ್ ಆಗದ ಸೈಟಿನಲ್ಲಿ, ಒಳ್ಳೆಯ ಭಾಷೆಯಲ್ಲಿ. ತಪ್ಪು ಮಾಡಿದರೆ ಫೋನ್ ಹೋಗುತ್ತದೆ ಅಂತ ನಾವೇ ಹೇಳಿಕೊಟ್ಟಿದ್ದೆವು. ಅವನು ಆ ಪಾಠ ಚೆನ್ನಾಗೇ ಕಲಿತಿದ್ದ.

ಅವನಿಗೆ ಆ ದಿನ ಹೇಳಿದ್ದನ್ನೇ ಈಗ ಎಲ್ಲ ಮಕ್ಕಳಿಗೂ ಹೇಳುತ್ತೇನೆ. ದುಡ್ಡು ಕೊಡಬೇಡ, ಕೊಟ್ಟರೆ ಇನ್ನೂ ಕೇಳುತ್ತಾರೆ. ಹೆದರಿ ಚಾಟ್ ಅಳಿಸಬೇಡ, ದೂರು ಕೊಡಲು ಅದೇ ಸಾಕ್ಷಿ. ಆ ಮನುಷ್ಯನಿಗೆ ಉತ್ತರ ಕೊಡಬೇಡ, ನಂಬುವ ದೊಡ್ಡವರೊಬ್ಬರಿಗೆ ಇವತ್ತೇ ಹೇಳು. 'ಟೇಕ್ ಇಟ್ ಡೌನ್' ಅಂತ ಒಂದು ಉಚಿತ ಸೇವೆ 2023ರಿಂದ ಇದೆ, 18 ತುಂಬುವ ಮೊದಲು ತೆಗೆದ ಇಂಥ ನಗ್ನ, ಅರೆನಗ್ನ ಫೋಟೋಗಳನ್ನು ಆನ್‌ಲೈನಿನಿಂದ ತೆಗೆಸೋಕೆ. ಫೋಟೋವನ್ನು ಅವರಿಗೆ ಕಳಿಸಬೇಕಾಗಿಲ್ಲ. ನಮ್ಮ ಫೋನಿನಲ್ಲೇ ಅದರ ಬೆರಳಚ್ಚಿನಂಥ ಒಂದು ಸಂಖ್ಯೆ ತಯಾರಾಗುತ್ತದೆ, ಅದಷ್ಟೇ ಹೋಗುತ್ತದೆ. ಇದಕ್ಕೆ ಸೇರಿರುವ ಕಂಪನಿಗಳು ತಮ್ಮಲ್ಲಿ ಆ ಫೋಟೋ ಸಿಕ್ಕರೆ ತೆಗೆಯುತ್ತವೆ. ಇಷ್ಟು ಕೇಳಿದ ಮೇಲೆ ಅವನು ಮೊದಲ ಸಲ ತಲೆ ಎತ್ತಿ ನೋಡಿದ.

ಆ ವಾರವೇ ಕೆಂಪು ಪುಟದ ಬರಹ ಬದಲಾಯಿಸಿದೆ. 'ಈ ಪುಟ ನಿಜವಾಗಿ ಬೇಕಿದ್ದರೆ ಬಂದು ಕೇಳಿ. ಬೈಯುವುದಿಲ್ಲ.' ಮೊದಲು ಬಂದವಳು ಅದೇ ಕಪ್ಪೆಯ ಹುಡುಗಿ.

ಆಡಳಿತದವರ ಹತ್ತಿರ ವಾರಕ್ಕೊಂದು ಪೀರಿಯಡ್ ಕೇಳಿದೆ. "ಸಿಲಬಸ್ ಯಾವಾಗ ಮುಗಿಸ್ತೀರಾ ಮೇಡಂ? ಇನ್ನೂ ಸ್ಟ್ರಾಂಗ್ ಫಿಲ್ಟರ್ ಬೇಕಿದ್ರೆ ಕೊಟೇಶನ್ ತರಿಸಿ" ಅಂದರು. ಹಠ ಹಿಡಿದಿದ್ದಕ್ಕೆ ಹದಿನೈದು ದಿನಕ್ಕೊಂದು ಪೀರಿಯಡ್ ಸಿಕ್ಕಿದೆ. ಅದೂ ಆಟದ ಪೀರಿಯಡ್. ಸದ್ಯಕ್ಕೆ ಇಡೀ ಕ್ಲಾಸಿಗೆ ನನ್ನ ಮೇಲೆ ಸಿಟ್ಟು.