ಅಕ್ಕನ ಪೆಟ್ ಸ್ಕ್ಯಾನ್ ಮತ್ತು ಬಿಟ್ಟುಹೋದ ಮ್ಯಾಮೊಗ್ರಾಂ

ಅಕ್ಕನ ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿದು ಮೂರು ವರ್ಷವಾಗಿತ್ತು. ಗಡ್ಡೆಯನ್ನಷ್ಟೇ ತೆಗೆದು, ಸ್ತನ ಉಳಿಸಿ, ರೇಡಿಯೇಷನ್ ಕೊಟ್ಟಿದ್ದರು. ಹೋದ ವರ್ಷ ಶ್ರಾವಣದಲ್ಲಿ ಭಾವ ಬೆಂಗಳೂರಿನ ಒಂದು ಕಡೆ ಪೆಟ್-ಸಿಟಿ ಎಂಬ ಇಡೀ ಮೈಯ ಸ್ಕ್ಯಾನ್‌ಗೆ ಹೆಸರು ಬರೆಸಿದರು. ವೈದ್ಯರು ಹೇಳಿದ್ದಲ್ಲ. ಅಕ್ಕನಿಗೆ ನೋವಿರಲಿಲ್ಲ, ಕೆಮ್ಮಿರಲಿಲ್ಲ. "ಇಷ್ಟೆಲ್ಲ ಖರ್ಚು ಮಾಡಿದ್ದೇವೆ, ಇದೊಂದಕ್ಕೆ ಕೈ ಬಿಗಿ ಹಿಡಿಯುವುದು ಬೇಡ. ಇಡೀ ಮೈ ನೋಡಿಬಿಡಲಿ" ಎಂದರು. ಎಲ್ಲರೂ ತಲೆಯಾಡಿಸಿದೆವು, ನಾನೂ ಆಡಿಸಿದೆ.

ಹಾಸನದಿಂದ ನಸುಕಿನಲ್ಲೇ ಹೊರಟೆವು, ಅಕ್ಕ ಖಾಲಿ ಹೊಟ್ಟೆಯಲ್ಲಿ. ವಿಕಿರಣ ಬೆಸೆದ ಸಕ್ಕರೆಯಂಥ ಮದ್ದನ್ನು ರಕ್ತನಾಳಕ್ಕೆ ಕೊಟ್ಟು, ಸುಮಾರು ಒಂದು ಗಂಟೆ ಒಬ್ಬಳನ್ನೇ ಕೂರಿಸಿದರು. ಮೈಯಲ್ಲಿ ಸಕ್ಕರೆ ಎಲ್ಲಿ ಹೆಚ್ಚು ಖರ್ಚಾಗುತ್ತದೋ ಅಲ್ಲಿ ಚಿತ್ರ ಹೊಳೆಯುತ್ತದೆ. ಸಕ್ಕರೆ ತಿನ್ನುವುದು ಕ್ಯಾನ್ಸರ್ ಒಂದೇ ಅಲ್ಲ. ಸೋಂಕೂ ತಿನ್ನುತ್ತದೆ, ಉರಿಯೂತವೂ ತಿನ್ನುತ್ತದೆ. ಅಕ್ಕನ ಎದೆಯ ನಡುವೆ ಒಂದು ಗ್ರಂಥಿ ಹೊಳೆಯಿತು. ಅದರ ಚೂರು ತೆಗೆದು ನೋಡುವ ಬಯಾಪ್ಸಿ ಮಾಡಿಸಿ ಹತ್ತೊಂಬತ್ತು ದಿನ ಕಾದೆವು. ಆ ದಿನಗಳಲ್ಲಿ ಅವಳು ತನ್ನ ಒಡವೆಗಳನ್ನು ಬೇರೆ ಬೇರೆ ಡಬ್ಬಿಗೆ ಹಾಕಿ ಹೆಣ್ಣುಮಕ್ಕಳ ಹೆಸರು ಬರೆದಿಟ್ಟಿದ್ದಳು. ಕೊನೆಗೆ ವರದಿ ಬಂತು: ಉರಿಯೂತ, ಕ್ಯಾನ್ಸರ್ ಅಲ್ಲ.

ನನ್ನ ಸಂಕಟ ಅದಕ್ಕಿಂತ ದೊಡ್ಡದು. "ಇಡೀ ಮೈಯೇ ಆಯಿತಲ್ಲ" ಎಂದು ಆ ವರ್ಷದ ಮ್ಯಾಮೊಗ್ರಾಂ, ಅಂದರೆ ಸ್ತನದ ಎಕ್ಸ್‌-ರೇ, ಬಿಟ್ಟೆವು. ಅಕ್ಕನಂಥವರಿಗೆ ವರ್ಷಕ್ಕೊಮ್ಮೆ ತಪ್ಪದೆ ಬೇಕಾದ ಚಿತ್ರವೇ ಅದು. ಉಳಿಸಿದ ಸ್ತನದಲ್ಲೋ ಇನ್ನೊಂದರಲ್ಲೋ ಕಾಣಿಸುವ ಸುಣ್ಣದ ಸಣ್ಣ ಕಣಗಳು, ಪುಟ್ಟ ಗಂಟು ಪೆಟ್‌ನ ಕಣ್ಣಿಗೆ ತಪ್ಪಬಹುದು. ಸ್ತನದಲ್ಲೇ ಕ್ಯಾನ್ಸರ್ ಬೇಗ ಸಿಕ್ಕರೆ ಪೂರ್ತಿ ಗುಣಪಡಿಸಲು ಅವಕಾಶವಿದೆ.

ಮೂಳೆಗೋ ಯಕೃತ್ತಿಗೋ ಹರಡಿದ್ದನ್ನು ಲಕ್ಷಣ ಬರುವ ಮೊದಲೇ ಹುಡುಕಿ ಹಿಡಿದರೆ ಆಯುಸ್ಸು ಹೆಚ್ಚುತ್ತದೆಯೇ? ಇಟಲಿಯಲ್ಲಿ ಸ್ತನ ಕ್ಯಾನ್ಸರ್ ಚಿಕಿತ್ಸೆ ಪಡೆದ 2,500ಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದ ಎರಡು ಅಧ್ಯಯನಗಳು 1994ರಲ್ಲಿ ಪ್ರಕಟವಾದವು. ಪದೇ ಪದೇ ಮೂಳೆ ನೋಡುವ ಬೋನ್ ಸ್ಕ್ಯಾನ್, ಎದೆಯ ಎಕ್ಸ್‌-ರೇ ಮಾಡಿಸಿಕೊಂಡವರು ಹೆಚ್ಚು ಕಾಲವೇನೂ ಬದುಕಲಿಲ್ಲ. ಅಂದಿನ ಯಂತ್ರ ಬೇರೆ, ಇಂದಿನದು ಬೇರೆ ಎನ್ನಬಹುದು. ಆದರೆ 2012ರಲ್ಲಿ ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘವೂ ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಲಕ್ಷಣವಿಲ್ಲದೆ ಇರುವವರಿಗೆ ಪೆಟ್, ಸಿಟಿ, ಬೋನ್ ಸ್ಕ್ಯಾನ್, ಕ್ಯಾನ್ಸರ್ ಗುರುತು ಹುಡುಕುವ ಟ್ಯೂಮರ್ ಮಾರ್ಕರ್ ರಕ್ತಪರೀಕ್ಷೆ ಬೇಡ ಎಂದೇ ಹೇಳಿತು.

ಸ್ಕ್ಯಾನೇ ಬೇಡ ಎಂದು ನಾನು ಹೇಳುತ್ತಿಲ್ಲ. ವಾರಗಟ್ಟಲೆ ಬಿಡದ ಬೆನ್ನುನೋವು, ಏರುವ ಏದುಸಿರು, ಹೊಸ ಗಂಟು ಕಂಡರೆ ಒಂದು ದಿನವೂ ತಡಮಾಡಬೇಡಿ. ಯಾವ ಸ್ಕ್ಯಾನ್ ಎಂಬುದನ್ನು ಆ ಲಕ್ಷಣ ನೋಡಿ ವೈದ್ಯರು ತೀರ್ಮಾನಿಸಲಿ. ಮಿದುಳಿನ ಅನುಮಾನವಿದ್ದರೆ ಎಂಆರ್‌ಐ ಬೇಕು. ಮಿದುಳು ತಾನೇ ಸಕ್ಕರೆ ತಿನ್ನುವುದರಿಂದ ಪೆಟ್‌ನಲ್ಲಿ ಅಲ್ಲಿನ ಗಂಟು ಅಡಗಿಬಿಡಬಹುದು. ಚಿಕ್ಕ ವಯಸ್ಸಿನಲ್ಲೇ ರೋಗ ಬಂದವರು, ಸ್ತನದ ಅಂಗಾಂಶ ದಟ್ಟವಾಗಿರುವವರು ಮ್ಯಾಮೊಗ್ರಾಂ ಜೊತೆಗೆ ಸ್ತನದ ಎಂಆರ್‌ಐ ಬೇಕೇ ಎಂದು ಕೇಳಿ.

ಈ ಆಷಾಢದಲ್ಲಿ ಅಕ್ಕನಿಗೆ ಹಾಸನದಲ್ಲಿಯೇ ಮ್ಯಾಮೊಗ್ರಾಂ ಮಾಡಿಸಿದೆವು. ಹೋಲಿಸಿ ನೋಡಲು ಬೇಕೆಂದು ಹಳೆಯ ಫಿಲ್ಮ್‌ಗಳನ್ನೆಲ್ಲ ಒಯ್ದಿದ್ದೆ. ವೈದ್ಯೆ ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ, "ಹೋದ ವರ್ಷದ್ದು ಎಲ್ಲಿ?" ಎಂದು ಕೇಳಿದರು. ಅಕ್ಕ ನನ್ನ ಮುಖ ನೋಡಿದಳು.